ಗಂಗೆಯಲ್ಲಿ ಹೆಸರು, ತುಂಗೆಯಲ್ಲಿ ಬದುಕು

ಬೇಸಿಗೆಯಲ್ಲಿ ಕೂಡ್ಲಿಯ ಸಂಗಮದಲ್ಲಿ ನೀರು ಇಳಿದು ಮರಳು ಮೇಲೆದ್ದಿರುತ್ತದೆ. ಶಿವಮೊಗ್ಗವನ್ನು ಹಾದು ಬರುವ ತುಂಗೆ, ಭದ್ರಾವತಿಯನ್ನು ಹಾದು ಬರುವ ಭದ್ರೆ ಇಲ್ಲಿ ಒಂದಾಗಿ ಮುಂದಕ್ಕೆ ತುಂಗಭದ್ರೆಯಾಗಿ ಹರಿಯುತ್ತವೆ. ಇಂಥ ನದಿಯ ತಿಳಿನೀರಿನ ಅಂಚಿನಲ್ಲಿ ನಡೆಯುವವರ ಹೆಜ್ಜೆಯ ಮುಂದೆ ಒಮ್ಮೊಮ್ಮೆ ಮರಳಿನ ಚೂರೊಂದು ಚಿಮ್ಮಿದಂತಾಗಿ, ಮೊಳದಾಚೆ ಹೋಗಿ ಮತ್ತೆ ಮರಳಾಗಿಬಿಡುತ್ತದೆ. ಕಣ್ಣು ನೆಟ್ಟು ನೋಡಿದರೆ ಮಾತ್ರ ಅದು ಮೀನು ಎಂದು ತಿಳಿಯುತ್ತದೆ. ಚಪ್ಪಟೆ ತಲೆ, ಮೇಲಕ್ಕೆ ನೋಡುವ ಕಣ್ಣು, ಮರಳಿನದೇ ಬಣ್ಣದ ಮೈ, ಅಲ್ಲಲ್ಲಿ ಕಂದು ಮಚ್ಚೆ. ಇದು ಗೋಬಿ ಎಂಬ ಬಳಗಕ್ಕೆ ಸೇರಿದ ಮೀನು.

ಇದೇ ಬಳಗದ, ಕಿರುಬೆರಳಿನ ಉದ್ದವೂ ಇಲ್ಲದ ಬಣ್ಣಬಣ್ಣದ ಮೀನುಗಳನ್ನು ಮಹಾನಗರಗಳ ಹವ್ಯಾಸಿಗಳು ದುಬಾರಿ ಬೆಲೆ ಕೊಟ್ಟು ತಂದು, ಉಪ್ಪುನೀರಿನ ಗಾಜಿನ ತೊಟ್ಟಿಯಲ್ಲಿ ಹವಳದ ನಡುವೆ ಸಾಕುತ್ತಾರೆ. ಮರಳಿನ ಬಣ್ಣದ ನದಿಯ ಗೋಬಿಯನ್ನು ಯಾರೂ ಸಾಕುವುದಿಲ್ಲ. ಅದರ ಕಡೆ ಕಣ್ಣು ಹಾಯಿಸುವವರೂ ಕಡಿಮೆ. ಆದರೆ ಈ ಎರಡೂ ಮೀನುಗಳ ಕಥೆಯನ್ನು ಜೊತೆಗಿಟ್ಟು ನೋಡಿದರೆ ಶಿವಮೊಗ್ಗ ಮತ್ತು ಭದ್ರಾವತಿಯ ಇತಿಹಾಸದ ಅಷ್ಟಾಗಿ ಗಮನಕ್ಕೆ ಬಾರದ ಒಂದು ಪುಟ ತೆರೆದುಕೊಳ್ಳುತ್ತದೆ.

ಯಾರು ಈ ಗೋಬಿ?

ಜಗತ್ತಿನ ಮೀನುಗಳಲ್ಲಿ ಅತಿ ದೊಡ್ಡ ಬಳಗಗಳಲ್ಲಿ ಗೋಬಿಗಳದೂ ಒಂದು. ಇದರಲ್ಲಿ ಸುಮಾರು 2,000 ಪ್ರಭೇದಗಳಿವೆ. ಕಡಲ ಹವಳದ ದಿಬ್ಬಗಳಲ್ಲಿ, ಅಳಿವೆಯ ಕೆಸರಿನಲ್ಲಿ, ಹೊಳೆಯ ಮರಳಿನಲ್ಲಿ, ಕೆರೆಯ ತಳದಲ್ಲಿ, ಹೀಗೆ ನೀರಿರುವ ಬಹುತೇಕ ಎಲ್ಲ ಕಡೆ ಇವು ನೆಲೆ ಕಂಡುಕೊಂಡಿವೆ. ಹೆಚ್ಚಿನವು ಬೆರಳುದ್ದಕ್ಕಿಂತ ಚಿಕ್ಕವು. ಬಹುಪಾಲು ಗೋಬಿಗಳ ಹೊಟ್ಟೆಯ ಕೆಳಗಿನ ಎರಡು ಈಜುರೆಕ್ಕೆಗಳು ಕೂಡಿಕೊಂಡು ಬಟ್ಟಲಿನ ಆಕಾರ ತಾಳಿರುತ್ತವೆ. ಹರಿವು ಜೋರಾದಾಗ ಈ ಬಟ್ಟಲನ್ನು ಕಲ್ಲಿಗೆ ಒತ್ತಿ ಹಿಡಿದು ಕೊಚ್ಚಿಹೋಗದೆ ನಿಲ್ಲುತ್ತವೆ. ನೀರಿನ ನಡುವೆ ಈಜಾಡುವ ಅಭ್ಯಾಸ ಹೆಚ್ಚಿನ ಗೋಬಿಗಳಿಗಿಲ್ಲ. ತಳದಲ್ಲಿ ಕೂತು, ಅಲ್ಲಿಂದ ಇಲ್ಲಿಗೆ ಹಾರಿ, ಮತ್ತೆ ಕೂರುವುದು ಇವುಗಳ ರೀತಿ. ಹೆಣ್ಣು ಕಲ್ಲಿನ ಸಂದಿಯಲ್ಲೋ ಚಿಪ್ಪಿನೊಳಗೋ ಮೊಟ್ಟೆ ಅಂಟಿಸುತ್ತದೆ. ಸಾಮಾನ್ಯವಾಗಿ ಗಂಡು ಕಾವಲು ಕೂರುತ್ತದೆ.

ಕಡಲಿನ ಗೋಬಿಗಳಲ್ಲಿ ಕೆಲವುಗಳ ಬದುಕು ಅಚ್ಚರಿ ಹುಟ್ಟಿಸುವಂಥದು. ಬಿಲ ತೋಡುವ ಒಂದು ಜಾತಿಯ ಸೀಗಡಿಗೂ ಗೋಬಿಗೂ ಇರುವ ಪಾಲುದಾರಿಕೆ ಇದಕ್ಕೆ ಉದಾಹರಣೆ. ಸೀಗಡಿಗೆ ದೃಷ್ಟಿ ಮಂದ, ಆದರೆ ಅಗೆಯುವುದರಲ್ಲಿ ನಿಪುಣ. ಗೋಬಿಗೆ ಅಗೆಯಲು ಬಾರದು, ಆದರೆ ಕಣ್ಣು ಚುರುಕು. ಇಬ್ಬರೂ ಒಂದೇ ಬಿಲದಲ್ಲಿ ವಾಸ. ಸೀಗಡಿ ಮರಳು ಹೊರಹಾಕುವಾಗ ತನ್ನ ಮೀಸೆಯ ಒಂದು ಎಳೆಯನ್ನು ಗೋಬಿಯ ಮೈಗೆ ತಾಗಿಸಿಕೊಂಡೇ ಇರುತ್ತದೆ. ಶತ್ರು ಕಂಡರೆ ಗೋಬಿ ಬಾಲ ಅದುರಿಸುತ್ತದೆ. ಮರುಕ್ಷಣ ಇಬ್ಬರೂ ಒಳಗೆ.

ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿರುವ ಒಂದು ಕಿರುಗೋಬಿಯ ಆಯುಸ್ಸು ಹೆಚ್ಚೆಂದರೆ 59 ದಿನ ಎಂದು ಅಲ್ಲಿನ ವಿಜ್ಞಾನಿಗಳು 2005ರಲ್ಲಿ ಪ್ರಕಟಿಸಿದರು. ಹುಟ್ಟಿ, ಬೆಳೆದು, ಮರಿ ಮಾಡಿ, ಸಾಯುವುದೆಲ್ಲ ಎರಡು ತಿಂಗಳೊಳಗೆ. ಇಷ್ಟು ಚಿಕ್ಕ ಮೀನಿನಿಂದ ಕಡಲಿಗೆ ಏನು ಪ್ರಯೋಜನ ಎಂಬ ಪ್ರಶ್ನೆಗೆ 2019ರಲ್ಲಿ ಉತ್ತರ ಸಿಕ್ಕಿತು. ಹವಳದ ದಿಬ್ಬದಲ್ಲಿ ಇತರ ಜೀವಿಗಳ ಆಹಾರವಾಗುವ ಮೀನಿನ ಮಾಂಸದಲ್ಲಿ ಸುಮಾರು ಶೇ. 60ರಷ್ಟು ಬರುವುದು ಗೋಬಿಯಂಥ ತಳವಾಸಿ ಕಿರುಮೀನುಗಳಿಂದಲೇ ಎಂದು 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ತಿಳಿಸಿತು. ಕಣ್ಣಿಗೆ ಕಾಣದಷ್ಟು ಚಿಕ್ಕದಾದರೂ ಇಡೀ ದಿಬ್ಬಕ್ಕೆ ಊಟ ಹಾಕುವವು ಇವೇ.

ಸರ್ವೆಗೆ ಬಂದ ವೈದ್ಯ

ತುಂಗೆ ಮತ್ತು ಭದ್ರೆಯ ಗೋಬಿಗೆ ಶಾಸ್ತ್ರದಲ್ಲಿ ಗ್ಲಾಸೊಗೋಬಿಯಸ್ ಗ್ಯೂರಿಸ್ ಎಂದು ಹೆಸರು. 'ಗ್ಲಾಸೊ' ಎಂದರೆ ನಾಲಿಗೆ. ಇದರ ನಾಲಿಗೆಯ ತುದಿ ಸೀಳಿದಂತೆ ಇರುವುದರಿಂದ ಬಂದ ಹೆಸರದು. ಸಿಹಿನೀರಿನಲ್ಲೂ ಅಳಿವೆಯ ಸಪ್ಪೆ ಉಪ್ಪುನೀರಿನಲ್ಲೂ ಬದುಕಬಲ್ಲ ಈ ಮೀನು ಆಫ್ರಿಕಾದ ಪೂರ್ವ ತೀರದಿಂದ ಏಷ್ಯಾದ ಉದ್ದಗಲಕ್ಕೂ ಹಬ್ಬಿದೆ. ಇದನ್ನು ಮೊದಲು ಶಾಸ್ತ್ರೀಯವಾಗಿ ವಿವರಿಸಿದ್ದು 1822ರಲ್ಲಿ. ವಿವರಿಸಿದವನು ಫ್ರಾನ್ಸಿಸ್ ಹ್ಯಾಮಿಲ್ಟನ್. ಕರ್ನಾಟಕದ ಇತಿಹಾಸ ಓದಿದವರಿಗೆ ಈತ ಅಪರಿಚಿತನಲ್ಲ. ಫ್ರಾನ್ಸಿಸ್ ಬುಕಾನನ್ ಎಂದರೆ ಕೂಡಲೇ ಗುರುತು ಹತ್ತುತ್ತದೆ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಹೊಸದಾಗಿ ಕೈಗೆ ಬಂದ ಸೀಮೆಯಲ್ಲಿ ಏನು ಬೆಳೆಯುತ್ತದೆ, ಜನ ಹೇಗೆ ಬದುಕುತ್ತಾರೆ, ಯಾವ ಕಸುಬು ನಡೆಯುತ್ತದೆ ಎಂದು ತಿಳಿಯುವ ಆತುರ ಈಸ್ಟ್ ಇಂಡಿಯಾ ಕಂಪನಿಗೆ ಇತ್ತು. ಗವರ್ನರ್ ಜನರಲ್ ವೆಲ್ಲೆಸ್ಲಿ ಆ ಕೆಲಸಕ್ಕೆ ಆರಿಸಿದ್ದು ಕಂಪನಿಯ ವೈದ್ಯನಾಗಿದ್ದ ಸ್ಕಾಟ್ಲೆಂಡಿನ ಬುಕಾನನ್‌ನನ್ನು. 1800 ಮತ್ತು 1801ರಲ್ಲಿ ಆತ ಮೈಸೂರು, ಕೆನರಾ, ಮಲಬಾರ್ ಸೀಮೆಗಳನ್ನು ಸುತ್ತಿದ. ಕರಾವಳಿಯಿಂದ ಮತ್ತೆ ಘಟ್ಟ ಹತ್ತಿ, ಕೆಳದಿ ಅರಸರ ರಾಜಧಾನಿಗಳಾಗಿದ್ದ ಇಕ್ಕೇರಿ, ಬಿದನೂರುಗಳನ್ನು ಕಂಡು, ಶಿವಮೊಗ್ಗದ ಸೀಮೆಯ ಮೂಲಕ ಚಿತ್ರದುರ್ಗದ ಕಡೆಗೆ ಸಾಗಿದ್ದು 1801ರಲ್ಲಿ. ಆ ಪ್ರವಾಸದ ವರದಿ 1807ರಲ್ಲಿ ಮೂರು ಸಂಪುಟಗಳಾಗಿ ಲಂಡನ್ನಿನಲ್ಲಿ ಪ್ರಕಟವಾಯಿತು. ಅಡಿಕೆ, ಮೆಣಸು, ಭತ್ತ, ಕೆರೆ, ಕಾಲುವೆ, ಕಬ್ಬಿಣದ ಅದಿರು ಕರಗಿಸುವ ಕುಲುಮೆ, ಜಾತಿ, ಕಂದಾಯ, ಸಂತೆ ಎಲ್ಲ ಅದರಲ್ಲಿವೆ. ಅದು ಕೃಷಿ ಮತ್ತು ಆದಾಯದ ಲೆಕ್ಕ. ಹೊಳೆಯ ಕಿರುಮೀನಿಗೆ ಅದರಲ್ಲಿ ಜಾಗ ಸಿಗುವಂತಿರಲಿಲ್ಲ.

ಮೀನುಗಳತ್ತ ಆತನ ಗಮನ ಹರಿದದ್ದು ಬಂಗಾಳದಲ್ಲಿ. ಅಲ್ಲಿ 1807ರಿಂದ 1814ರವರೆಗೆ ನಡೆಸಿದ ಸಮೀಕ್ಷೆಯ ಕಾಲದಲ್ಲಿ ಗಂಗೆ ಮತ್ತು ಅದರ ಉಪನದಿಗಳ ಮೀನುಗಳನ್ನು ಕಲೆಹಾಕಿ, ಭಾರತೀಯ ಚಿತ್ರಕಾರರಿಂದ ಚಿತ್ರ ಬರೆಸಿದ. ತಾಯ್ನಾಡಿಗೆ ಮರಳಿದ ಮೇಲೆ 1818ರಲ್ಲಿ ತಾಯಿಯ ಕಡೆಯ ಆಸ್ತಿ ಕೈಸೇರಿತು. ಅದರೊಡನೆ ಹ್ಯಾಮಿಲ್ಟನ್ ಎಂಬ ಮನೆತನದ ಹೆಸರನ್ನೂ ಇಟ್ಟುಕೊಂಡ. 1822ರಲ್ಲಿ ಎಡಿನ್‌ಬರೋದಲ್ಲಿ ಹೊರಬಂದ ಗಂಗೆಯ ಮೀನುಗಳ ಪುಸ್ತಕದಲ್ಲಿ 200ಕ್ಕೂ ಹೆಚ್ಚು ಪ್ರಭೇದಗಳ ವಿವರಣೆಯಿದೆ. ಗೋಬಿಯ ಹೆಸರೂ ಅಲ್ಲಿಂದಲೇ ಬಂದದ್ದು.

ಆ ಪುಸ್ತಕದ ಮೀನುಗಳು ಇಂದು ಶಿವಮೊಗ್ಗದವರಿಗೆ ದಿನವೂ ಎದುರಾಗುತ್ತವೆ. ಮೀನು ಮಾರುಕಟ್ಟೆಯಲ್ಲಿ ಕಾಣುವ ರೋಹು, ಕಾಟ್ಲಾಗಳಿಗೆ ಶಾಸ್ತ್ರೀಯ ಹೆಸರು ಕೊಟ್ಟವನು ಇದೇ ಹ್ಯಾಮಿಲ್ಟನ್. ಅವು ಗಂಗೆಯ ಸೀಮೆಯ ಮೀನುಗಳು. ಮೀನುಗಾರಿಕೆ ಇಲಾಖೆ ಮರಿ ಬೆಳೆಸಿ ಕೆರೆ, ಜಲಾಶಯಗಳಿಗೆ ಬಿಟ್ಟದ್ದರಿಂದ ಇಲ್ಲಿ ನೆಲೆಯೂರಿದವು. ಭದ್ರಾ ಅಣೆಕಟ್ಟೆಯ ಬಳಿ ಬಿ.ಆರ್.ಪಿ.ಯಲ್ಲಿ ಇಲಾಖೆಯ ಮೀನುಮರಿ ಕೇಂದ್ರವೇ ಇದೆ. ಇನ್ನು ಅಕ್ವೇರಿಯಂ ಅಂಗಡಿಗೆ ಹೋದರೆ ಅಲ್ಲಿ ನೀಲಿ ಪಟ್ಟೆಯ ಝೀಬ್ರಾ ಮೀನು ಇರುತ್ತದೆ. ಅದನ್ನು ಮೊದಲು ವಿವರಿಸಿದ್ದೂ ಅದೇ 1822ರ ಪುಸ್ತಕದಲ್ಲಿ. ಒಂದು ಕಾಲದಲ್ಲಿ ಈ ಸೀಮೆಯನ್ನು ಹಾದುಹೋದವನು ಹೆಸರಿಟ್ಟ ಮೀನುಗಳು ಒಂದು ಕಡೆ ಊಟದ ತಟ್ಟೆಗೆ, ಇನ್ನೊಂದು ಕಡೆ ಗಾಜಿನ ತೊಟ್ಟಿಗೆ ಬಂದಿವೆ. ಆತ ಹೆಸರಿಟ್ಟ ಗೋಬಿ ಮಾತ್ರ ಮೊದಲೂ ತುಂಗೆಯಲ್ಲೇ ಇತ್ತು. 'ಗಂಗಾ ಸ್ನಾನ, ತುಂಗಾ ಪಾನ' ಎಂಬುದು ನಮ್ಮ ನಾಡಿನ ಮಾತು. ಈ ಮೀನಿನ ಮಟ್ಟಿಗೆ ನಾಮಕರಣವಾದದ್ದು ಗಂಗೆಯಲ್ಲಿ, ಬದುಕಿದ್ದು ತುಂಗೆಯಲ್ಲೂ.

ದೊರೆಯ ಮೀನು, ದೇವರ ಮೀನು

ಮೀನನ್ನು ಗಮನಿಸುವುದಾಗಲಿ ಸಾಕುವುದಾಗಲಿ ಈ ನಾಡಿಗೆ ಕಂಪನಿಯ ಕಾಲದಲ್ಲಿ ಬಂದ ವಿದ್ಯೆಯಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದ ಮೊದಲರ್ಧದಲ್ಲಿ ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ 'ಮತ್ಸ್ಯವಿನೋದ' ಎಂಬ ಒಂದು ಭಾಗವೇ ಇದೆ. ಯಾವ ಮೀನು ಎಲ್ಲಿ ವಾಸಿಸುತ್ತದೆ, ಯಾವುದಕ್ಕೆ ಪರೆ ಇದೆ, ಯಾವುದಕ್ಕೆ ಇಲ್ಲ, ಯಾವುದಕ್ಕೆ ಯಾವ ಆಹಾರ ಇಷ್ಟ, ಗಾಳ ಹೇಗಿರಬೇಕು ಎಂಬುದೆಲ್ಲ ಅಲ್ಲಿ ಕ್ರಮವಾಗಿ ಬರುತ್ತದೆ. ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ಮೀನುತಜ್ಞ ಸುಂದರ್ ಲಾಲ್ ಹೋರಾ 1951ರಲ್ಲಿ ಇದರ ಬಗ್ಗೆ ಪ್ರಬಂಧ ಬರೆದು ವಿಜ್ಞಾನಿಗಳ ಗಮನಕ್ಕೆ ತಂದರು. ಇಂದಿನ ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವಿ ಆ ಚಾಲುಕ್ಯರ ಕಾಲದಲ್ಲಿ ಹೆಸರಾಂತ ಪಟ್ಟಣವಾಗಿತ್ತು ಎಂಬುದನ್ನು ಇಲ್ಲಿ ನೆನೆಯಬಹುದು.

ದೊರೆಯದು ಹಿಡಿಯುವ ವಿನೋದವಾದರೆ, ಹಿಡಿಯದೇ ಇರುವ ವ್ರತವೂ ತುಂಗೆಯ ದಂಡೆಯಲ್ಲಿ ಬೆಳೆದು ಬಂದಿದೆ. ಶೃಂಗೇರಿಯ ಸ್ನಾನಘಟ್ಟದಲ್ಲಿ, ತೀರ್ಥಹಳ್ಳಿಯ ಬಳಿಯ ಚಿಪ್ಪಲಗುಡ್ಡೆಯಲ್ಲಿ ಹೊಳೆಯ ಮೀನುಗಳು ಜನರ ಕೈಯಿಂದ ಮಂಡಕ್ಕಿ ತಿನ್ನಲು ಗುಂಪುಗಟ್ಟಿ ಬರುತ್ತವೆ. ಇವು ದೇವರ ಮೀನುಗಳು, ಬಲೆ ಹಾಕುವಂತಿಲ್ಲ ಎಂಬುದು ಭಕ್ತರ ಕಟ್ಟಳೆ. ಇಲ್ಲಿ ತೊಟ್ಟಿಯಿಲ್ಲ, ಗಾಜಿಲ್ಲ. ಹೊಳೆಯ ಒಂದು ತುಂಡನ್ನು ಹೊಳೆಯಲ್ಲೇ ಬಿಟ್ಟು ಸಾಕುವ ಕ್ರಮವಿದು. ಮೀನು ಇರುವ ಜಾಗವನ್ನು ಕಾಯ್ದರೆ ಮೀನು ತಾನಾಗಿ ಉಳಿಯುತ್ತದೆ ಎಂಬ ತಿಳಿವಳಿಕೆ ಇದರ ಹಿಂದೆ ಇದೆ.

ಗಾಜಿನೊಳಗೆ ಬಂದ ಕಡಲು

ಜಾಗವನ್ನೇ ಕಿತ್ತು ಮನೆಯೊಳಗೆ ತರುವ ಯೋಚನೆ ಹೊಳೆದದ್ದು 19ನೇ ಶತಮಾನದ ಯುರೋಪಿಗೆ. ಮೀನು ಬಿಡುವ ಅಂಗಾರಾಮ್ಲವನ್ನು ಗಿಡ ಹೀರುತ್ತದೆ, ಗಿಡ ಬಿಡುವ ಆಮ್ಲಜನಕವನ್ನು ಮೀನು ಉಸಿರಾಡುತ್ತದೆ, ಆದ್ದರಿಂದ ಇಬ್ಬರನ್ನೂ ಒಂದೇ ಗಾಜಿನ ಪೆಟ್ಟಿಗೆಯಲ್ಲಿ ಇಡಬಹುದು ಎಂದು ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್‌ಟನ್ 1850ರಲ್ಲಿ ತೋರಿಸಿದ. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಮೀನಿನ ಮನೆ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಬರೆದ ಪುಸ್ತಕದಿಂದ 'ಅಕ್ವೇರಿಯಂ' ಎಂಬ ಮಾತು ಮನೆಮಾತಾಯಿತು. ಕಡಲಿನಿಂದ ದೂರ ಇರುವವರು ಲವಣಗಳನ್ನು ಬೆರೆಸಿ ಮನೆಯಲ್ಲೇ ಕಡಲ ನೀರು ತಯಾರಿಸುವ ವಿಧಾನವನ್ನೂ ಗಾಸ್ ಪ್ರಕಟಿಸಿದ. ಕಡಲಿಲ್ಲದ ಊರಿನಲ್ಲಿ ಕಡಲ ಮೀನು ಸಾಕಲು ದಾರಿ ತೆರೆದದ್ದು ಹೀಗೆ.

ಭಾರತದಲ್ಲಿ ಸಾರ್ವಜನಿಕರಿಗೆ ಕಡಲ ಮೀನು ತೋರಿಸಿದ ಪ್ರಸಿದ್ಧ ಸಂಸ್ಥೆ 1951ರಲ್ಲಿ ಆರಂಭವಾದ ಮುಂಬಯಿಯ ತಾರಾಪೊರವಾಲಾ ಅಕ್ವೇರಿಯಂ. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಸರ್ಕಾರಿ ಅಕ್ವೇರಿಯಂ ತೆರೆದದ್ದು 1983ರಲ್ಲಿ. ಶಾಲೆಯ ಪ್ರವಾಸದಲ್ಲಿ ಅದನ್ನು ನೋಡಿ ಬಂದು, ಮನೆಯಲ್ಲಿ ಗೋಲ್ಡ್ ಫಿಶ್ ಬೇಕೆಂದು ಹಟ ಹಿಡಿದ ಮಕ್ಕಳು ರಾಜ್ಯದ ಎಲ್ಲ ಊರಿನಲ್ಲೂ ಇದ್ದಾರೆ.

ಆದರೆ ಹವಳವನ್ನು ಜೀವಂತ ಇಡುವ ಗುಟ್ಟು ಬಹುಕಾಲ ಯಾರಿಗೂ ಸಿಕ್ಕಿರಲಿಲ್ಲ. ಅದನ್ನು ಸರಳವಾಗಿ ಸಾಧಿಸಿದವರು ಜಕಾರ್ತಾದ ಲೀ ಚಿನ್ ಎಂಗ್. ಕಡಲಿನಿಂದಲೇ ಜೀವಿಗಳು ಮೆತ್ತಿಕೊಂಡ ಕಲ್ಲುಗಳನ್ನು ತಂದು ತೊಟ್ಟಿಯಲ್ಲಿ ಜೋಡಿಸಿ, ಸೂರ್ಯನ ಬೆಳಕು ಬೀಳುವಂತೆ ಮಾಡಿ, ಗಾಳಿಯ ಗುಳ್ಳೆಗಳಿಂದ ನೀರು ಆಡುವಂತೆ ಮಾಡಿದರು. ಅಷ್ಟೇ. ಈ 'ನಿಸರ್ಗ ಪದ್ಧತಿ'ಯ ಬಗ್ಗೆ ಅವರು 1961ರಲ್ಲಿ ಅಮೆರಿಕದ ಹವ್ಯಾಸಿ ಪತ್ರಿಕೆಯೊಂದರಲ್ಲಿ ಬರೆದರು. ಆಗ ಗಮನಿಸಿದವರು ಕಡಿಮೆ. 1980ರ ದಶಕದಲ್ಲಿ ಯುರೋಪ್, ಅಮೆರಿಕಗಳಲ್ಲಿ ಹವಳದ ತೊಟ್ಟಿಯ ಹವ್ಯಾಸ ಹಬ್ಬಿದಾಗ ಅವರು ಹೇಳಿದ್ದು ಸರಿ ಎಂದು ಎಲ್ಲರಿಗೂ ಮನವರಿಕೆಯಾಯಿತು.

ಕಾರಣ ಆ ಕಲ್ಲಿನಲ್ಲಿತ್ತು. ಮೀನಿನ ಮಲ, ಮಿಕ್ಕ ಆಹಾರ ಕೊಳೆತು ಅಮೋನಿಯಾ ಆಗುತ್ತದೆ. ಅದು ಮೀನಿಗೆ ವಿಷ. ಕಲ್ಲಿನ ರಂಧ್ರಗಳಲ್ಲಿ ಮನೆಮಾಡಿದ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್ ಆಗಿಯೂ, ನೈಟ್ರೈಟನ್ನು ಅಷ್ಟೊಂದು ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಬದಲಿಸುತ್ತವೆ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾಗಳು ಬೇರೂರಲು ಮೂರರಿಂದ ಆರು ವಾರ ಬೇಕು. ಅಲ್ಲಿಯವರೆಗೆ ತಾಳ್ಮೆಯಿಲ್ಲದೆ ಮೀನು ಬಿಟ್ಟವರ ಮೀನು ಸಾಯುತ್ತದೆ. ಹವ್ಯಾಸಿಗಳು ಹೊಸಬರಿಗೆ ಹೇಳಿಕೊಡುವ ಮೊದಲ ಪಾಠವೇ ಇದು: ಸಾಕಬೇಕಾದದ್ದು ಮೀನನ್ನಲ್ಲ, ನೀರನ್ನು.

ಘಟ್ಟದ ಮೇಲಿನ ತೊಟ್ಟಿ

ಶಿವಮೊಗ್ಗ, ಭದ್ರಾವತಿಯಂಥ ಊರಿನಲ್ಲಿ ಇಂಥ ತೊಟ್ಟಿ ಇಡಲು ಹೊರಟವರಿಗೆ ಈ ಪಾಠ ಬೇಗ ತಿಳಿಯುತ್ತದೆ. ಕಡಲು ಘಟ್ಟದ ಕೆಳಗಿದೆ. ಇಲ್ಲಿ ನಲ್ಲಿಯಲ್ಲಿ ಬರುವುದು ಹೊಳೆಯ ನೀರು. ಅದರ ಕ್ಲೋರಿನ್ ತೆಗೆದು, ಲೀಟರಿಗೆ ಸುಮಾರು 35 ಗ್ರಾಂನಂತೆ ಕಡಲ ಲವಣದ ಮಿಶ್ರಣ ಬೆರೆಸಬೇಕು. 40 ಲೀಟರಿನ ಪುಟ್ಟ ತೊಟ್ಟಿಗೂ ಸುಮಾರು 1.4 ಕಿಲೋ ಉಪ್ಪು ಬೇಕು. ಅಡುಗೆಯ ಉಪ್ಪು ಸಾಲದು. ಕಡಲ ನೀರಿನಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಎಲ್ಲ ಇರುತ್ತವೆ. ಹವಳ ತನ್ನ ಗೂಡು ಕಟ್ಟುವುದೇ ಕ್ಯಾಲ್ಸಿಯಂನಿಂದ.

ನೀರು ಆವಿಯಾದಾಗ ಉಪ್ಪು ಆವಿಯಾಗುವುದಿಲ್ಲ. ಆದ್ದರಿಂದ ಇಳಿದ ಮಟ್ಟವನ್ನು ಉಪ್ಪುನೀರಿನಿಂದ ತುಂಬಿದರೆ ತೊಟ್ಟಿ ದಿನೇ ದಿನೇ ಖಾರವಾಗುತ್ತದೆ. ಸಿಹಿನೀರನ್ನೇ ಹಾಕಬೇಕು. ಉಷ್ಣಾಂಶ 24ರಿಂದ 27 ಡಿಗ್ರಿಯ ನಡುವೆ ಇದ್ದರೆ ಚೆನ್ನ. ಬಯಲುಸೀಮೆಯ ಅಂಚಿನ ಈ ಊರುಗಳ ಏಪ್ರಿಲ್ ಬಿಸಿಲಿಗೆ ಮನೆಯೊಳಗಿನ ತೊಟ್ಟಿಯೂ 30 ಡಿಗ್ರಿ ದಾಟುತ್ತದೆ. ಆಗಲೇ ವಿದ್ಯುತ್ ಹೋಗಿ ಪಂಪು ನಿಂತರಂತೂ ಸಂಕಟ ಎರಡು ಪಟ್ಟು. ಏಕೆಂದರೆ ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. 20 ಡಿಗ್ರಿಯ ಸಿಹಿನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದರೆ, 30 ಡಿಗ್ರಿಯದು ಹಿಡಿಯುವುದು ಏಳೂವರೆಯಷ್ಟೇ. ಉಪ್ಪುನೀರಿನಲ್ಲಿ ಅದಕ್ಕಿಂತಲೂ ಕಡಿಮೆ.

ಹೀಗಿರುವಾಗ ಹವಳದ ತೊಟ್ಟಿಯ ಹವ್ಯಾಸಿಗಳು ಗೋಬಿಯನ್ನು ಮೆಚ್ಚುವುದಕ್ಕೆ ಕಾರಣವಿದೆ. ದೊಡ್ಡ ಮೀನುಗಳಿಗೆ ಬೇಕಾದ ಜಾಗ ಇದಕ್ಕೆ ಬೇಡ. ಹವಳವನ್ನು ಕಚ್ಚುವುದಿಲ್ಲ. ತನ್ನ ಬಿಲ, ತನ್ನ ಕಲ್ಲು ಎಂದು ಒಂದೇ ಕಡೆ ಇರುತ್ತದೆ. ಬೆದರಿದರೆ ಹೊರಕ್ಕೆ ಹಾರುವ ಚಟವಿರುವುದರಿಂದ ತೊಟ್ಟಿಯ ಮೇಲೆ ಬಲೆಯ ಮುಚ್ಚಳ ಮಾತ್ರ ಕಡ್ಡಾಯ. ಮನುಷ್ಯರ ಆರೈಕೆಯಲ್ಲೇ ಮರಿ ಮಾಡಿದ ಮೊದಮೊದಲ ಕಡಲ ಅಲಂಕಾರ ಮೀನುಗಳಲ್ಲಿ ಕೆರಿಬಿಯನ್ ಕಡಲಿನ ನಿಯಾನ್ ಗೋಬಿಯೂ ಒಂದು. 1970ರ ದಶಕದಿಂದಲೂ ಅಮೆರಿಕದಲ್ಲಿ ಅದನ್ನು ತೊಟ್ಟಿಯಲ್ಲೇ ಬೆಳೆಸಲಾಗಿದೆ. ಕಡಲಿನಿಂದ ಕಿತ್ತು ತರದೆ ಸಾಕಬಹುದು ಎಂಬುದಕ್ಕೆ ಅದು ಸಾಕ್ಷಿ.

ಕಿತ್ತು ತರುವುದರ ಬಗ್ಗೆ ಕಾನೂನು ಏನನ್ನುತ್ತದೆ ಎಂಬುದೂ ಮುಖ್ಯ. ಮಲೆನಾಡಿಗೆ ಹತ್ತಿರದ ಹವಳದ ನೆಲೆ ಎಂದರೆ ಮುರ್ಡೇಶ್ವರದ ಎದುರು ಕಡಲಿನಲ್ಲಿರುವ ನೇತ್ರಾಣಿ ದ್ವೀಪ. ಆದರೆ ಅಲ್ಲಿಂದಾಗಲಿ ದೇಶದ ಬೇರಾವ ಕಡಲಿನಿಂದಾಗಲಿ ಹವಳದ ಒಂದು ಚೂರನ್ನೂ ತರುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಗೆ, ಅಂದರೆ ಹುಲಿಗೆ ಇರುವಷ್ಟೇ ರಕ್ಷಣೆಯ ಪಟ್ಟಿಗೆ, ದಿಬ್ಬ ಕಟ್ಟುವ ಹವಳಗಳನ್ನು 2001ರಲ್ಲಿ ಸೇರಿಸಲಾಯಿತು. ಆದ್ದರಿಂದ ಗೋಬಿ ಸಾಕುವ ಆಸೆಯುಳ್ಳವರು ಕಡಲ ಹವಳದ ಬದಲು ಒಣ ಕಲ್ಲು, ಮರಳುಗಳಿಂದ ಗೂಡು ಕಟ್ಟಿ, ತೊಟ್ಟಿಯಲ್ಲೇ ಹುಟ್ಟಿದ ಮೀನು ತಂದು ಸಾಕುವುದು ನೆಟ್ಟಗಿನ ದಾರಿ. ಗೋಬಿಗೆ ಬೇಕಾದದ್ದು ಅಡಗಲು ಒಂದು ಸಂದಿ ಮತ್ತು ಒಳ್ಳೆಯ ನೀರು.

ಭದ್ರಾವತಿಯ ಪಾಠ

ಒಳ್ಳೆಯ ನೀರು ಎಂದಾಗ ಮಾತು ಗಾಜಿನ ತೊಟ್ಟಿಯಿಂದ ಹೊಳೆಗೆ ತಿರುಗುತ್ತದೆ. ಬಿಸಿಲು, ಕಡಿಮೆ ನೀರು, ಕೊಳೆಯುವ ಪದಾರ್ಥ, ಕುಸಿಯುವ ಆಮ್ಲಜನಕ: ತೊಟ್ಟಿಯಲ್ಲಿ ಮೀನನ್ನು ಕೊಲ್ಲುವ ಈ ಸರಪಳಿ ಹೊಳೆಯಲ್ಲೂ ಅದೇ ರೀತಿ ಕೆಲಸ ಮಾಡುತ್ತದೆ. ಇದನ್ನು ದೇಶದಲ್ಲಿ ಬಹಳ ಮೊದಲೇ ಅಳೆದು ನೋಡಿದ ಊರುಗಳಲ್ಲಿ ಭದ್ರಾವತಿಯೂ ಒಂದು.

ಬೆಂಕಿಪುರ ಎಂಬ ಹೆಸರಿದ್ದ ಸಣ್ಣ ಊರು ಭದ್ರಾವತಿಯಾಗಿ ಬೆಳೆದದ್ದು ಕೈಗಾರಿಕೆಯಿಂದ. ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆಗೆ 1918ರಲ್ಲಿ ಅಡಿಪಾಯ ಬಿತ್ತು. 1923ರಲ್ಲಿ ಕುಲುಮೆ ಹೊತ್ತಿತು. ಸರ್ ಎಂ. ವಿಶ್ವೇಶ್ವರಯ್ಯನವರು ಅದನ್ನು ನಷ್ಟದಿಂದ ಮೇಲೆತ್ತಿದ ಕಥೆ ಎಲ್ಲರಿಗೂ ಗೊತ್ತು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಸಾವಿರಾರು ಮನೆಗಳಿಗೆ ಅನ್ನ ಕೊಟ್ಟ ಈ ಎರಡೂ ಉದ್ದಿಮೆಗಳಿಗೆ ನೀರು ಬೇಕಿತ್ತು, ನೀರು ಭದ್ರೆಯಲ್ಲಿತ್ತು. ಬಳಸಿದ ನೀರು ಮತ್ತೆ ಸೇರಿದ್ದೂ ಭದ್ರೆಯನ್ನೇ. ಆ ಕಾಲದಲ್ಲಿ ಅದನ್ನು ತಪ್ಪೆಂದು ಕಂಡವರು ಕಡಿಮೆ. ಹರಿಯುವ ಹೊಳೆಗೆ ಮೈಲಿಗೆಯಿಲ್ಲ ಎಂಬುದು ಜನರ ನಂಬಿಕೆಯಾಗಿತ್ತು.

ಕೇಂದ್ರ ಸರ್ಕಾರದ ಒಳನಾಡು ಮೀನುಗಾರಿಕಾ ಸಂಶೋಧನೆಯಲ್ಲಿ ತೊಡಗಿದ್ದ ಎ. ಡೇವಿಡ್ ಎಂಬ ವಿಜ್ಞಾನಿ ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದರು. ಭದ್ರಾವತಿಯಲ್ಲಿ ಕೈಗಾರಿಕೆಗಳ ತ್ಯಾಜ್ಯದಿಂದ ಭದ್ರಾ ನದಿಯ ಮೀನುಗಾರಿಕೆಗೆ ಆಗುತ್ತಿರುವ ಮಾಲಿನ್ಯವನ್ನು ಕುರಿತ ಅವರ ಪ್ರಬಂಧ 1956ರಲ್ಲಿ ರಾಷ್ಟ್ರೀಯ ವಿಜ್ಞಾನ ಸಂಸ್ಥೆಯ ನಡಾವಳಿಯಲ್ಲಿ ಪ್ರಕಟವಾಯಿತು. ನದಿಯ ಕೊಳೆಗೆ ಮೀನನ್ನೇ ಅಳತೆಗೋಲಾಗಿ ಹಿಡಿದ ಭಾರತದ ಮೊದಮೊದಲ ಅಧ್ಯಯನಗಳಲ್ಲಿ ಅದೂ ಸೇರುತ್ತದೆ. ಜಲಮಾಲಿನ್ಯ ತಡೆಯುವ ಕಾಯಿದೆ ಸಂಸತ್ತಿನಲ್ಲಿ ಅಂಗೀಕಾರವಾದದ್ದು 1974ರಲ್ಲಿ. ಅಂದರೆ ಭದ್ರೆಯ ಮೀನು ದೂರು ಕೊಟ್ಟು 18 ವರ್ಷವಾದ ಮೇಲೆ ದೇಶಕ್ಕೆ ಕಾನೂನು ಬಂದಿತು.

ಕಾಗದದ ತ್ಯಾಜ್ಯದಲ್ಲಿ ಮರದ ನಾರು ಮುಂತಾದ ಸಾವಯವ ಪದಾರ್ಥ ಇರುತ್ತದೆ. ಅದನ್ನು ಕೊಳೆಸುವ ಬ್ಯಾಕ್ಟೀರಿಯಾಗಳಿಗೂ ಆಮ್ಲಜನಕ ಬೇಕು. ಮಳೆಗಾಲದ ತುಂಬು ಹೊಳೆ ಇದನ್ನು ಹೇಗೋ ತಾಳಿಕೊಳ್ಳುತ್ತದೆ. ಬೇಸಿಗೆಯಲ್ಲಿ ಹೊಳೆ ಕಿರಿದಾಗಿ, ನೀರು ಕಾದು, ತ್ಯಾಜ್ಯದ ಪ್ರಮಾಣ ಮಾತ್ರ ಅಷ್ಟೇ ಇದ್ದರೆ ಮೀನಿಗೆ ಉಸಿರು ಉಳಿಯುವುದಿಲ್ಲ. ನೀರಿನ ನಡುವೆ ಈಜುವ ಮೀನು ದೂರ ಹೋಗಿ ಪಾರಾಗಬಹುದು. ಕೊಳೆ ಬಂದು ಕೂರುವುದೇ ತಳದಲ್ಲಿ, ಗೋಬಿ ಇರುವುದೂ ತಳದಲ್ಲಿ. ಹೂಳು ಬಂದರೂ ಅಷ್ಟೆ. ಭದ್ರೆ ಹುಟ್ಟುವ ಕುದುರೆಮುಖದ ಬೆಟ್ಟಗಳಲ್ಲಿ ನಡೆಯುತ್ತಿದ್ದ ಅದಿರು ಗಣಿಗಾರಿಕೆ, ಅದರಿಂದ ಹೊಳೆಗೆ ಬರುತ್ತಿದ್ದ ಕೆಂಪು ಹೂಳು ದೊಡ್ಡ ವಿವಾದವಾಗಿ, ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಮರಳಿನ ಕಣಗಳ ನಡುವಿನ ಸಂದಿ ಹೂಳಿನಿಂದ ಮುಚ್ಚಿದರೆ ಮರಳುವಾಸಿ ಮೀನಿಗೆ ಮನೆಯಿಲ್ಲ. ಮರಳನ್ನೇ ಲಾರಿಗೆ ತುಂಬಿ ಒಯ್ದರಂತೂ ಹೇಳುವುದೇ ಬೇಡ.

ಕಾಗದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ಕಬ್ಬಿಣದ ಕಾರ್ಖಾನೆಗೂ ಹಿಂದಿನ ಭರಾಟೆಯಿಲ್ಲ. ಕಾರ್ಮಿಕರ ಮನೆಗಳಲ್ಲಿ ಅದರ ನೋವು ಇನ್ನೂ ಆರಿಲ್ಲ. ಆದರೆ ಕಾರ್ಖಾನೆ ನಿಂತ ಮಾತ್ರಕ್ಕೆ ಹೊಳೆ ತಿಳಿಯಾಯಿತು ಎಂದುಕೊಳ್ಳುವಂತಿಲ್ಲ. ಎರಡೂ ಊರುಗಳು ಬೆಳೆದಿವೆ, ಊರಿನ ಚರಂಡಿಯ ನೀರೂ ಬೆಳೆದಿದೆ. 2024ರ ನವೆಂಬರಿನಲ್ಲಿ ಶೃಂಗೇರಿಯಿಂದ ಕಿಷ್ಕಿಂಧೆಯವರೆಗೆ ತುಂಗಭದ್ರೆಯ ನೈರ್ಮಲ್ಯಕ್ಕಾಗಿ ಪಾದಯಾತ್ರೆ ಹೊರಟಾಗ ಅದರಲ್ಲಿ ಹೆಜ್ಜೆ ಹಾಕಿದವರ ಮುಖ್ಯ ದೂರು ಇದೇ ಕೊಳೆನೀರಿನದು. ಪಾನಕ್ಕೆ ತುಂಗೆ ಎಂದು ಹೇಳಿಕೊಂಡು ಬಂದ ನಾಡಿನಲ್ಲಿ, ತುಂಗೆಯ ನೀರು ಕುಡಿಯಲು ಯೋಗ್ಯವೇ ಎಂದು ಕೇಳಬೇಕಾಗಿ ಬಂದಿದೆ.

ಯಾರು ಸಾಕುತ್ತಿರುವುದು?

ಹೊಳೆಯ ಗೋಬಿಯನ್ನೇ ಹಿಡಿದು ತಂದು ಸಾಕಬಹುದಲ್ಲ ಎಂದು ಯಾರಿಗಾದರೂ ಅನ್ನಿಸಬಹುದು. ಅದು ಅಷ್ಟು ಸುಲಭವಲ್ಲ. ನೋಡಲು ಸಾಧುವಾದರೂ ಇದು ಹೊಂಚಿ ಕೂತು ಬೇಟೆಯಾಡುವ ಮೀನು. ಜೊತೆಗಿಟ್ಟ ಕಿರುಮೀನುಗಳನ್ನು ಒಂದೊಂದಾಗಿ ನುಂಗಿಬಿಡುತ್ತದೆ. ಅಡಿಗಿಂತ ಉದ್ದ ಬೆಳೆಯುವುದೂ ಉಂಟು. ಬಣ್ಣವಿಲ್ಲದ್ದರಿಂದ ಅತಿಥಿಗಳ ಮೆಚ್ಚುಗೆಯನ್ನೂ ತಂದುಕೊಡದು. ಅದಕ್ಕೆ ತಕ್ಕ ತೊಟ್ಟಿ ಹೊಳೆಯೇ.

ಹವಳದ ತೊಟ್ಟಿ ಇಟ್ಟವನು ಬೆಳಿಗ್ಗೆ ಎದ್ದ ಕೂಡಲೇ ಉಷ್ಣಾಂಶ ನೋಡುತ್ತಾನೆ, ವಾರಕ್ಕೊಮ್ಮೆ ಅಮೋನಿಯಾ ಅಳೆಯುತ್ತಾನೆ, ಒಂದು ಚಮಚ ಆಹಾರ ಹೆಚ್ಚು ಬಿದ್ದರೆ ಚಿಂತೆಗೆ ಬೀಳುತ್ತಾನೆ. 40 ಲೀಟರ್ ನೀರಿಗೆ, ಒಂದು ಪುಟ್ಟ ಗೋಬಿಗೆ ಇಷ್ಟೆಲ್ಲ ಕಾಳಜಿ. ಅದೇ ಮನೆಯ ಬಚ್ಚಲಿನ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ ಆತನಿಗೂ ಉತ್ತರ ತಿಳಿದಿರಲಾರದು. ಚಿಪ್ಪಲಗುಡ್ಡೆಯಲ್ಲಿ ಮಂಡಕ್ಕಿ ಎರಚುವವರಿಗೂ ಈ ಪ್ರಶ್ನೆ ಅನ್ವಯಿಸುತ್ತದೆ. ಮೀನಿನ ಮೇಲಿನ ಪ್ರೀತಿಗೆ ಈ ನಾಡಿನಲ್ಲಿ ಕೊರತೆಯಿಲ್ಲ. ಅದು ನೀರಿನ ಮೇಲಿನ ಕಾಳಜಿಯಾಗಿ ಬದಲಾಗಬೇಕಿದೆ.

1801ರಲ್ಲಿ ಈ ಸೀಮೆಯನ್ನು ಹಾದುಹೋದ ಸರ್ವೆಯ ವೈದ್ಯ ಇಲ್ಲಿನ ಬೆಳೆಯನ್ನೂ ಕಂದಾಯವನ್ನೂ ಬರೆದುಕೊಂಡ, ಹೊಳೆಯ ತಳದ ಮೀನು ಅವನ ಲೆಕ್ಕಕ್ಕೆ ಸಿಗಲಿಲ್ಲ. ಅದಾಗಿ 220 ವರ್ಷಗಳ ಮೇಲೂ ಕೂಡ್ಲಿಯ ಮರಳಿನಲ್ಲಿ ಬೇಸಿಗೆಯ ದಿನ ಕಾಲಿಟ್ಟವರ ಮುಂದೆ ಮರಳಿನ ಚೂರೊಂದು ಚಿಮ್ಮಿದರೆ, ಹೊಳೆಯ ತಳದಲ್ಲಿ ಇನ್ನೂ ಉಸಿರಿದೆ ಎಂದು ತಿಳಿಯಬಹುದು.